ತಲೆಸುತ್ತು: ಕಿವಿಯದ್ದೋ, ಮೆದುಳಿನದ್ದೋ?

ಯಾರಿಗಾದರೂ ತಲೆ ಸುತ್ತಿದರೆ ನಮ್ಮ ಮನೆಗಳಲ್ಲಿ ಕಾರಣ ಮೊದಲೇ ಸಿದ್ಧವಾಗಿರುತ್ತದೆ. ಅಜ್ಜಿಗೆ ಅದು ಪಿತ್ತ, ಮಗನಿಗೆ ಲೋ ಬಿಪಿ, ಪಕ್ಕದ ಮನೆಯವರಿಗೆ ಕತ್ತಿನ ಮೂಳೆ ಸವೆತ. ನಿಂಬೆಹಣ್ಣಿನ ಪಾನಕವನ್ನೋ ಮೆಡಿಕಲ್ ಶಾಪಿನ ಮಾತ್ರೆಯನ್ನೋ ಕೊಟ್ಟು ಮಲಗಿಸುತ್ತಾರೆ. ಹೆಚ್ಚಿನ ಸಲ ಅಷ್ಟಕ್ಕೇ ಇಳಿದೂ ಹೋಗುತ್ತದೆ. ಆದರೆ ಮೆದುಳಿನಿಂದ ಬರುವ ತಲೆಸುತ್ತೂ ಇದೆ. ಅಂಥ ಕೆಲವರಿಗೆ ಹಾಗೆ ಮಲಗಿಸಿ ಕಾದ ಹೊತ್ತೇ ದುಬಾರಿಯಾಗುತ್ತದೆ.

ನಾವು ಬೀಳದೆ ನಿಲ್ಲಬೇಕಾದರೆ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು. ಕಣ್ಣು ಕಂಡದ್ದನ್ನು ಹೇಳುತ್ತದೆ. ಪಾದ ಮತ್ತು ಕೀಲುಗಳು ಕಾಲಡಿಯ ನೆಲದ ಬಗ್ಗೆ ಹೇಳುತ್ತವೆ. ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ಯಾವ ಕಡೆಗೆ, ಎಷ್ಟು ಬೇಗ ತಿರುಗಿತೆಂದು ತಿಳಿಸುತ್ತವೆ. ಈ ಮೂರನ್ನೂ ತಾಳೆ ನೋಡುವ ಕೆಲಸ ಮೆದುಳಿನ ಕಾಂಡ ಮತ್ತು ಕಿರುಮೆದುಳಿನದು. ಸುದ್ದಿ ತಪ್ಪಾಗಿ ಬಂದರೂ ತಲೆ ಸುತ್ತುತ್ತದೆ, ತಾಳೆ ನೋಡುವ ಜಾಗವೇ ಕೆಟ್ಟರೂ ಸುತ್ತುತ್ತದೆ. ಅನುಭವಿಸುವವರಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ‘ಗಿರ್ರನೆ ತಿರುಗಿತು’, ‘ತೇಲಿದ ಹಾಗಾಯಿತು’ ಎನ್ನುವ ವರ್ಣನೆಯನ್ನು ನಂಬಿ ಕಾರಣ ಹುಡುಕಲು ಹೊರಡಬೇಡಿ. ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಏನು ಮಾಡಿದಾಗ ಬಂತು, ಜೊತೆಗೆ ಇನ್ನೇನಿತ್ತು ಎಂದು ಕೇಳಿ. ಉತ್ತರ ಇರುವುದು ಅಲ್ಲಿ.

ಬೆಳಗಿನ ಜಾವ ಮಗ್ಗುಲು ಬದಲಿಸಿದ ಕೂಡಲೇ ಕೋಣೆಯೇ ತಿರುಗುತ್ತದೆ, ಒಂದು ನಿಮಿಷದೊಳಗೆ ನಿಲ್ಲುತ್ತದೆ, ಅದೇ ಮಗ್ಗುಲಿಗೆ ಹೊರಳಿದರೆ ಮತ್ತೆ ಬರುತ್ತದೆ. ಹೀಗಿದ್ದರೆ ಅದು ಬಹುಪಾಲು ಕಿವಿಯದ್ದು. ಒಳಕಿವಿಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಜಾಗ ಬಿಟ್ಟು ನಾಳದೊಳಗೆ ಸೇರಿಕೊಂಡಿರುತ್ತವೆ. ಅಮೆರಿಕದ ಜಾನ್ ಎಪ್ಲಿ ತೋರಿಸಿಕೊಟ್ಟ ಕ್ರಮದಲ್ಲಿ ವೈದ್ಯರು ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಹೊರಗೆ ಜಾರಿಸಿದರೆ ಅನೇಕರಿಗೆ ಒಂದೆರಡು ಸಲಕ್ಕೇ ವಾಸಿಯಾಗುತ್ತದೆ. ಇದನ್ನು ಬಿಟ್ಟು ಕತ್ತಿನ ಎಕ್ಸ್-ರೇ ತೆಗೆಸಿ ಪಟ್ಟಿ ಕಟ್ಟಿಕೊಂಡು ತಿರುಗುವವರು ಬಹಳ. ವಯಸ್ಸಾದ ಮೇಲೆ ಯಾರ ಎಕ್ಸ್-ರೇ ತೆಗೆದರೂ ಸವೆತ ಕಂಡೇ ಕಾಣುತ್ತದೆ. ಕಂಡ ಮಾತ್ರಕ್ಕೆ ತಲೆಸುತ್ತಿಗೆ ಅದೇ ಕಾರಣವಲ್ಲ.

ಹೆದರಬೇಕಾದದ್ದು, ಇದ್ದಕ್ಕಿದ್ದಂತೆ ಶುರುವಾಗಿ ಅಲುಗಾಡದೆ ಮಲಗಿದ್ದರೂ ನಿಲ್ಲದೆ ಗಂಟೆಗಟ್ಟಲೆ ಸುತ್ತುವುದಕ್ಕೆ. ಇದರಲ್ಲೂ ಎಷ್ಟೋ ಸಲ ಒಳಕಿವಿಯ ನರಕ್ಕೆ ಊತ ಬಂದಿರುತ್ತದೆ, ಅಷ್ಟೇ. ಆದರೆ ಕಿರುಮೆದುಳಿಗೂ ಮೆದುಳಿನ ಕಾಂಡಕ್ಕೂ ರಕ್ತ ಒಯ್ಯುವ ಕತ್ತಿನ ಹಿಂಬದಿಯ ನಾಳಗಳು ಕಟ್ಟಿಕೊಂಡರೂ ಚಿತ್ರ ಹೀಗೆಯೇ. ಲಕ್ವ ಎಂದರೆ ನಮಗೆ ಗೊತ್ತಿರುವುದು ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಬೀಳುವುದು. ಮೆದುಳಿನ ಹಿಂಭಾಗದ ಲಕ್ವದಲ್ಲಿ ಇವೆರಡೂ ಇಲ್ಲದೆ ಬರೀ ತಲೆಸುತ್ತು ಮತ್ತು ವಾಂತಿ ಇರಬಹುದು.

ವೈದ್ಯರು ಇಂಥವರ ಕಣ್ಣನ್ನೇ ಅಷ್ಟು ಹೊತ್ತು ನೋಡುವುದು ಕಿವಿಯದ್ದೋ ಮೆದುಳಿನದ್ದೋ ಎಂದು ತಿಳಿಯಲಿಕ್ಕೇ. ಒಳಕಿವಿಗೂ ಕಣ್ಣಿನ ಚಲನೆಗೂ ನಂಟಿದೆ. ಕಿವಿಗೆ ನೀರು ಹಾಕಿ ತೊಳೆಯುವಾಗ ರೋಗಿಗಳ ಕಣ್ಣುಗುಡ್ಡೆ ತಣ್ಣೀರಿಗೆ ಒಂದು ಕಡೆಗೂ ಬಿಸಿನೀರಿಗೆ ಇನ್ನೊಂದು ಕಡೆಗೂ ತುಯ್ಯುವುದನ್ನು ವಿಯೆನ್ನಾದ ರಾಬರ್ಟ್ ಬಾರಾನಿ ಗಮನಿಸಿದ್ದರು. ಆ ದಾರಿಯ ಕೆಲಸಕ್ಕೆ 1914ರ ನೊಬೆಲ್ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿ. ಇಂದಿನ ಪರೀಕ್ಷೆ ಇನ್ನೂ ಸರಳ. ತಲೆ ಸುತ್ತುತ್ತಲೇ ಇರುವವರಿಗೆ ‘ನನ್ನ ಮೂಗು ನೋಡ್ತಾ ಇರಿ’ ಎಂದು ಹೇಳಿ ವೈದ್ಯರು ಅವರ ತಲೆಯನ್ನು ಥಟ್ಟನೆ ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತಾರೆ. ಕಿವಿಯ ನರ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆಗೇ ಹೋಗಿ, ಆಮೇಲೆ ಜಿಗಿದು ಮೂಗಿಗೆ ವಾಪಸು ಬರುತ್ತದೆ. ಕಣ್ಣು ಕದಲದೆ ಮೂಗಿನ ಮೇಲೇ ನಿಂತರೆ? ಹೊಸಬರು ‘ನಾರ್ಮಲ್’ ಎಂದು ಬರೆದುಬಿಡುತ್ತಾರೆ. ಇಲ್ಲಿ ನಾರ್ಮಲ್ಲೇ ಅಪಾಯದ ಗುರುತು: ಕಿವಿ ಸರಿಯಿದೆ, ಹಾಗಾದರೆ ಕೆಟ್ಟಿರುವುದು ಮೆದುಳೇ ಇರಬಹುದು. (ಮನೆಯಲ್ಲಿ ಯಾರ ಕತ್ತಿನ ಮೇಲೂ ಇದನ್ನು ಮಾಡಿ ನೋಡಬೇಡಿ.)

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ನುಂಗಲು ಕಷ್ಟವಾದರೆ, ಮುಖವೋ ಕೈಕಾಲೋ ಜೋಮು ಹಿಡಿದರೆ, ಹಿಂದೆಂದೂ ಇಲ್ಲದ ತಲೆನೋವೋ ಕತ್ತುನೋವೋ ಬಂದರೆ, ಒಂದು ಕಿವಿ ಏಕಾಏಕಿ ಕೇಳದಂತಾದರೆ, ಪ್ರಜ್ಞೆ ತಪ್ಪಿದರೆ, ಎದೆ ನೋವಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಇದ್ಯಾವುದೂ ಇಲ್ಲದಿದ್ದರೂ ಹಿಡಿದುಕೊಳ್ಳದೆ ನಿಲ್ಲಲು, ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವೆಂದರೆ ಆಗಲೂ ಹೊರಡಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಬೀಡಿ ಸಿಗರೇಟಿನ ಅಭ್ಯಾಸ ಇರುವವರಿಗಂತೂ ‘ಬೆಳಗ್ಗೆ ನೋಡೋಣ’ ಬೇಡ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ಆದ್ದರಿಂದ ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಗುರುತು ಹಾಕಿಕೊಳ್ಳಿ. ದಾರಿಯಲ್ಲಿ ಕಾಫಿ ಕುಡಿಸಬೇಡಿ, ಇನ್ನೊಂದು ಬಿಪಿ ಮಾತ್ರೆ ನುಂಗಿಸಬೇಡಿ. ಸಿಟಿ ಸ್ಕ್ಯಾನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಹಿಂಭಾಗದ ಲಕ್ವ ಇಲ್ಲವೆಂದಾಗುವುದಿಲ್ಲ. ಮೊದಲ ಒಂದೆರಡು ದಿನ ಎಂಆರ್‌ಐಗೂ ಅದು ತಪ್ಪಿಸಿಕೊಳ್ಳುವುದುಂಟು. ರಿಪೋರ್ಟು ನಾರ್ಮಲ್, ಆದರೆ ರೋಗಿಗೆ ನಡೆಯಲಾಗುತ್ತಿಲ್ಲ ಎಂದರೆ ಮನೆಗೆ ಕರೆದುಕೊಂಡು ಹೋಗುವ ಮೊದಲು ಅದನ್ನು ಬಾಯಿಬಿಟ್ಟು ಹೇಳಿ.

ಉಳಿದವುಗಳಿಗೆ ಇಷ್ಟು ಅವಸರವಿಲ್ಲ. ಮೈಗ್ರೇನ್ ಇರುವವರಿಗೆ ತಲೆನೋವೇ ಇಲ್ಲದೆ ತಲೆಸುತ್ತು ಬರಬಹುದು, ನಿಮಿಷಗಳಿಂದ ಮೂರು ದಿನದವರೆಗೂ ಇರಬಹುದು; ಬೆಳಕು, ಸದ್ದು ಸಹಿಸಲಾಗದಿದ್ದರೆ ಅನುಮಾನ ಅತ್ತ ಹೋಗುತ್ತದೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಮೈ ವಾಲುತ್ತದೆ, ಕತ್ತಲಲ್ಲಿ ನಡೆಯಲು ಭಯ ಎನ್ನುವವರಿಗೆ ಕಾಲಿನ ನರಗಳು ಸರಿಯಾಗಿ ಸುದ್ದಿ ಕಳಿಸದಿರಬಹುದು. ಸಕ್ಕರೆ ಕಾಯಿಲೆ ಅಥವಾ ಬಿ12 ಕೊರತೆ ಇದೆಯೇ ನೋಡಬೇಕು. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಿಟ್ಟರೆ ಮಲಗಿದಾಗಿನ ಬಿಪಿ, ನಿಂತಾಗಿನ ಬಿಪಿ ಎರಡನ್ನೂ ಅಳೆಸಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಇದು ಸಾಮಾನ್ಯ.

ಇನ್ನು ಮಾತ್ರೆ. ತಲೆಸುತ್ತಿಗೆಂದು ಕೊಡುವ ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮೊದಲ ಒಂದೆರಡು ದಿನದ ವಾಂತಿ, ಸುತ್ತನ್ನು ತಗ್ಗಿಸಲು ಸರಿ. ಹಳೆ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗಿದರೆ ಮೆದುಳು ತಾನಾಗಿ ಹೊಂದಿಕೊಳ್ಳುವುದು ತಡವಾಗುತ್ತದೆ. ವಯಸ್ಸಾದವರಲ್ಲಿ ಕೈ ನಡುಕ, ಹೆಜ್ಜೆ ನಿಧಾನ ಶುರುವಾಗಿ ಪಾರ್ಕಿನ್ಸನ್ನೇ ಬಂದಂತೆ ಕಾಣುವುದೂ ಇದೆ. ಮೂರ್ಛೆರೋಗದ ಫೆನಿಟಾಯಿನ್ ಮಾತ್ರೆ ರಕ್ತದಲ್ಲಿ ಹೆಚ್ಚಾದರೆ ಕುಡಿದವರಂತೆ ತೂರಾಡಿಸುತ್ತದೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತಲೆ ಸುತ್ತುತ್ತಿರುವಾಗಲೇ ಯಾರಾದರೂ ಮೊಬೈಲಿನಲ್ಲಿ ಕಣ್ಣಿನ ವಿಡಿಯೊ ತೆಗೆದಿಟ್ಟರೆ ಅದೂ ವೈದ್ಯರಿಗೆ ಬಹಳ ಉಪಯೋಗ, ಏಕೆಂದರೆ ಅವರ ಮುಂದೆ ಕೂರುವ ಹೊತ್ತಿಗೆ ಸುತ್ತು ನಿಂತಿರುತ್ತದೆ.