ಹಣೆಬರಹವೋ, ನಮ್ಮ ಚಿತ್ತವೋ?

(ಓದತಕ್ಕ ಭಾಗಗಳು: ಆದಿಕಾಂಡ 4:1-8, ಯೆಹೆಜ್ಕೇಲ 18)

ಹಾಸನ ಸೀಮೆಯಲ್ಲಿ ಮುಂಗಾರಿಗೆ ಆಲೂಗೆಡ್ಡೆಯನ್ನು ಬಿತ್ತುವ ನಾವು ಅಂಗಮಾರಿಯನ್ನು ಬಲ್ಲೆವು. ಮೋಡ ಕವಿದು ಜಡಿಮಳೆ ಹಿಡಿದರೆ ಹಸುರಾದ ಹೊಲವು ಕೆಲವೇ ದಿವಸಗಳಲ್ಲಿ ಸುಟ್ಟಂತೆ ಕಪ್ಪಾಗುವದು. 1845ರಲ್ಲಿ ಐರ್ಲೆಂಡ್ ದೇಶವನ್ನು ಕ್ಷಾಮಕ್ಕೆ ಗುರಿಮಾಡಿದ್ದು ಇದೇ ರೋಗವು. ಒಳ್ಳೇ ಬಿತ್ತನೆಗೆಡ್ಡೆಯನ್ನು ಆರಿಸುವದೂ ಸಕಾಲದಲ್ಲಿ ಔಷಧವನ್ನು ಸಿಂಪಡಿಸುವದೂ ನಮ್ಮ ಕೈಯಲ್ಲಿದೆ; ಮೋಡವು ನಮ್ಮ ಕೈಯಲ್ಲಿಲ್ಲ.

ಆದರೆ ಬೆಳೆ ಕಳಕೊಂಡವನು ಮದ್ಯದಂಗಡಿಗೆ ಹೋಗಿ, ಮನೆಗೆ ಬಂದು ಹೆಂಡತಿಯನ್ನು ಹೊಡೆದು, "ಎಲ್ಲಾ ಹಣೆಬರಹ, ನಮ್ಮಪ್ಪನೂ ಹೀಗೇ ಇದ್ದ" ಅಂದರೆ ಒಪ್ಪಬಹುದೋ? (ನಮ್ಮ ಸಭೆಗಳಲ್ಲಿ ಹೀಗೆ ಹೇಳುವವರಿಲ್ಲವೆಂದು ನೆನಸಬೇಡಿರಿ.) ತಂದೆಗಳ ದೋಷವನ್ನು ನೆವಮಾಡಿಕೊಂಡ ಇಸ್ರಾಯೇಲ್ಯರನ್ನು ಯೆಹೆಜ್ಕೇಲನು ಗದರಿಸಿದನು. ಕಾಯಿನನು ಕೈಯೆತ್ತುವದಕ್ಕೆ ಮುಂಚೆಯೇ ದೇವರು ಅವನನ್ನು ಎಚ್ಚರಿಸಿದನು. ಬೇರೆ ದಾರಿಯೇ ಇಲ್ಲದವನನ್ನು ಎಚ್ಚರಿಸುವದು ಯಾಕೆ?

ಕುಡಿತವು ಹಳೆಯದಾದ ಮೇಲೆ ಚಿತ್ತವು ಸೆರೆಯಾಗುವದೆಂಬದು ನಿಜವೇ. ಪೌಲನೂ ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ, ಇಚ್ಛಿಸಿದ್ದನ್ನು ಮಾಡಲಾರದ ಸಂಕಟವನ್ನು ಮರೆಮಾಡಲಿಲ್ಲ. ಅಂಥವನಿಗೆ "ಮನಸ್ಸು ಗಟ್ಟಿಮಾಡು" ಎಂದಷ್ಟೇ ಹೇಳಿ ಎದ್ದುಹೋಗುವದು ಕ್ರೂರತನವು. ಕರ್ತನಿಗೂ ನೆರೆಯವನಿಗೂ ಮೊರೆಯಿಡುವಷ್ಟು ಸ್ವಾತಂತ್ರ್ಯವು ಅವನಲ್ಲಿ ಇನ್ನೂ ಉಳಿದಿದೆ. ಆ ಮೊರೆಯನ್ನು ಕೇಳಿದ ಹಿರಿಯರು, ಅವನು ಅಂಗಡಿಗೆ ಹೊರಡುವ ಹೊತ್ತಿಗೆ ಅವನ ಜಗುಲಿಯಲ್ಲಿ ಕೂತಿರಲಿ.