ಹಳೇ ಬೋಗಿಗೆ ಹೊಸ ಬಣ್ಣ: ಮೊದಲು ವರ್ಷ ಆರಿಸಿ, ಆಮೇಲೆ ಬ್ರಷ್ ಹಿಡಿಯಿರಿ

ಮಾಡೆಲ್ ರೈಲಿನ ಸೆಕೆಂಡ್ ಹ್ಯಾಂಡ್ ಬೋಗಿಯೊಂದು ಕೈಗೆ ಬಂದ ಕೂಡಲೇ ಯಾವ ಬಣ್ಣ ಹಚ್ಚಲಿ ಎಂದು ಯೋಚನೆ ಶುರುವಾಗುತ್ತದೆ. ಅದಕ್ಕೂ ಮುಂಚೆ, ಇದು ಯಾವ ವರ್ಷದ ಬೋಗಿ ಆಗಬೇಕು ಎಂದು ತೀರ್ಮಾನಿಸಿ. ನಮ್ಮ ರೈಲುಗಳ ಬಣ್ಣಕ್ಕೆ ಕಾರಣಗಳಿವೆ. ವ್ಯಾಕ್ಯೂಮ್ ಬ್ರೇಕಿನ ಕಾಲದ ಬೋಗಿಗಳು ಇಟ್ಟಿಗೆಗೆಂಪು. 1990ರ ದಶಕದಲ್ಲಿ ಏರ್ ಬ್ರೇಕಿನ ಬೋಗಿಗಳು ಹೆಚ್ಚಿದಾಗ ಅವನ್ನು ಬೇರೆಯಾಗಿ ಗುರುತಿಸಲು ನೀಲಿ ಬಂತು. ಪೆರಂಬೂರಿನ ಬೋಗಿ ಕಾರ್ಖಾನೆ ಐಸಿಎಫ್ ತನ್ನ ಹಳೇ ವಿನ್ಯಾಸದ ಕೊನೆಯ ಬೋಗಿಯನ್ನು ಹೊರತಂದದ್ದು 2018ರ ಜನವರಿಯಲ್ಲಿ. ಈಗಿನ ಎಕ್ಸ್‌ಪ್ರೆಸ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಹೊಸ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳೇ. ಹಾಗಾಗಿ 1985ರ ಬೆಂಗಳೂರು–ಮದರಾಸು ಗಾಡಿ ಅಂತ ಹೇಳಿ ಬೋಗಿಗೆ ನೀಲಿ ಹಚ್ಚಿದರೆ, ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಬಲ್ಲವರ ಕಣ್ಣಿಗೆ ಅದು ಸುಳ್ಳು.

ಹಂತ 1: ನಿಜವಾದದ್ದನ್ನು ನೋಡಿ ಬನ್ನಿ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯ ಕಡೆ ರೈಲುಹಳಿಯೇ ಹಾಯುವುದಿಲ್ಲ. ಆದರೆ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರವಾಗಿ ಮೆಜೆಸ್ಟಿಕ್‌ನ ರೈಲು ನಿಲ್ದಾಣ. ಬಿಟಿಎಂನವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗವಿದೆ, ಆರ್.ವಿ. ರಸ್ತೆಯಲ್ಲಿ ಬದಲಿಸಬೇಕು. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು, ನಿಂತ ಬೋಗಿಯ ಎದುರು ನೇರವಾಗಿ ನಿಂತು ನೋಡಿ. ಬಣ್ಣದ ಪಟ್ಟಿ ಕಿಟಕಿಯ ಎಷ್ಟು ಕೆಳಗೆ ಶುರುವಾಗುತ್ತದೆ, ಊರಿನ ಫಲಕ ಎಲ್ಲಿದೆ, ಕೊಳೆ ಎಲ್ಲಿ ಕೂತಿದೆ, ಎಲ್ಲ ಬರೆದುಕೊಳ್ಳಿ. ಹಳೆಯ ಕಾಲದ ಬೋಗಿ ಮಾಡುವವರು ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಲೇಬೇಕು. 1979ರಲ್ಲಿ ಶುರುವಾದ ಆ ಜಾಗದಲ್ಲಿ ಮಹಾರಾಣಿಯವರ ಸಲೂನ್ ಬೋಗಿಯನ್ನೇ ಹತ್ತಿರದಿಂದ ನೋಡಬಹುದು.

ಹಂತ 2: ಅಳತೆಪಟ್ಟಿ ಹಿಡಿದು ಕೊಳ್ಳಿ

ಮಾಡೆಲ್ ರೈಲಿನ ಎಚ್‌ಒ ಅಳತೆ ಎಂದರೆ 1:87. ಐಸಿಎಫ್ ಬೋಗಿಯ ನಿಜವಾದ ಉದ್ದ 21.3 ಮೀಟರ್, ಮಾದರಿಯಲ್ಲಿ ಸುಮಾರು 24.5 ಸೆಂ.ಮೀ. ಎಲ್‌ಎಚ್‌ಬಿ 23.5 ಮೀಟರ್, ಅಂದರೆ 27 ಸೆಂ.ಮೀ. ಯುರೋಪಿನ 26.4 ಮೀಟರಿನ ಬೋಗಿಯನ್ನು ಪೂರ್ತಿ ಅಳತೆಯಲ್ಲಿ ಮಾಡಿದ್ದರೆ ಅದು 30 ಸೆಂ.ಮೀ. ದಾಟುತ್ತದೆ, ಅದೇ ಬೋಗಿಯ ಉದ್ದ ಕುಗ್ಗಿಸಿದ ಹಳೇ ಮಾದರಿಗಳು 26.4 ಸೆಂ.ಮೀ. ಇದ್ದು ನಮ್ಮ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತವೆ. ಐಸಿಎಫ್ ವಿನ್ಯಾಸ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಂಪನಿಯಿಂದ ಬಂದದ್ದು, ಆದ್ದರಿಂದ ಸ್ವಿಸ್ ಬೋಗಿ ಸಿಕ್ಕರೆ ಬಿಡಬೇಡಿ. ಬ್ರಿಟಿಷ್ ಹಾರ್ನ್‌ಬಿ ಬೋಗಿಗಳು 1:76. ಹಳಿ ಒಂದೇ 16.5 ಮಿ.ಮೀ. ಆದರೂ ಎಚ್‌ಒ ಬೋಗಿಯ ಪಕ್ಕ ದಪ್ಪಗೆ ಕಾಣುತ್ತವೆ. ಮಾರ್ಕ್‌ಲಿನ್ ಬೋಗಿಯಾದರೆ ಚಕ್ರ ಬದಲಿಸಬೇಕು. ಅದರ ಎರಡೂ ಚಕ್ರಗಳ ನಡುವೆ ವಿದ್ಯುತ್ ಹರಿಯುವುದರಿಂದ ಸಾಮಾನ್ಯ ಎರಡು ಹಳಿಯ ಡಿಸಿ ವ್ಯವಸ್ಥೆಯಲ್ಲಿ ಶಾರ್ಟ್ ಆಗುತ್ತದೆ.

ಬಣ್ಣ ಎಷ್ಟೇ ಕೆಟ್ಟಿರಲಿ, ಚಿಂತೆಯಿಲ್ಲ. ಮೈ ಸೊಟ್ಟಗಿದ್ದರೆ, ಮೆಟ್ಟಿಲು, ಬಫರ್ ಮುರಿದಿದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ.

ಹಂತ 3: ಬಿಚ್ಚಿ

ಮೈಗೂ ತಳಕ್ಕೂ ನಡುವೆ ಹಳೇ ಎಟಿಎಂ ಕಾರ್ಡ್ ತೂರಿಸಿ ನಿಧಾನಕ್ಕೆ ಎಬ್ಬಿಸಿದರೆ ಕೊಕ್ಕೆಗಳು ಬಿಟ್ಟುಕೊಳ್ಳುತ್ತವೆ. ಕಿಟಕಿಯ ಪ್ಲಾಸ್ಟಿಕ್ ಗಾಜನ್ನು ಕಡ್ಡಾಯವಾಗಿ ತೆಗೆದಿಡಿ.

ಹಂತ 4: ಹಳೇ ಬಣ್ಣ ತೆಗೆಯಿರಿ

ಹೊಸಬರು ಹಾರಿಬಿಡುವ ಹಂತ ಇದು. ಹಳೇ ಬಣ್ಣದ ಮೇಲೇ ಹೊಸದು ಹಚ್ಚಿದರೆ ಬಾಗಿಲ ಗೆರೆ, ರಿವೆಟ್ಟು, ಹಿಡಿಕೆ ಎಲ್ಲ ಮುಚ್ಚಿಹೋಗುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಮೈಯನ್ನು ಮುಳುಗಿಸಿ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದು ಸಿಗುತ್ತದೆ. ಮೊದಲು ತಳಭಾಗದಲ್ಲಿ, ಕಾಣದ ಜಾಗಕ್ಕೆ ಒಂದು ಹನಿ ಹಾಕಿ ಪ್ಲಾಸ್ಟಿಕ್ ಮೆತ್ತಗಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಕೆಲವು ಗಂಟೆಗಳ ಬಳಿಕ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ.

ಆಲ್ಕೊಹಾಲಿಗೆ ಜಗ್ಗದ ಬಣ್ಣಕ್ಕೆ ಡೆಟಾಲ್ ಇದೆ. ನೀರು ಬೆರೆಸದೆ ರಾತ್ರಿಯಿಡೀ ನೆನೆಸಿ, ಡೆಟಾಲ್‌ನಲ್ಲೇ ತಿಕ್ಕಿ, ಡೆಟಾಲ್‌ನಲ್ಲೇ ಒಮ್ಮೆ ಜಾಲಿಸಿ, ಆಮೇಲೆ ನೀರಿಗೆ ಹಿಡಿಯಿರಿ. ಮುಂಚೆಯೇ ನೀರು ತಾಗಿದರೆ ಬಿಟ್ಟ ಬಣ್ಣ ಅಂಟಾಗಿ ಮೂಲೆಗಳಲ್ಲಿ ಕೂತುಬಿಡುತ್ತದೆ. ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ, ಬೋಗಿಯೇ ಕರಗುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಒಲೆ ಹೊತ್ತಿಸಿದ ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಕೊನೆಗೆ ಪಾತ್ರೆ ಸೋಪಿನಿಂದ ತೊಳೆದು ಒಣಗಿಸಿ. ಅಲ್ಲಿಂದಾಚೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ಹಂತ 5: ಕಂಬಿ ಮತ್ತು ತೂಕ

ವಿದೇಶಿ ಬೋಗಿಯನ್ನು ನಮ್ಮದಾಗಿಸುವುದು ಮುಖ್ಯವಾಗಿ ಕಿಟಕಿಯ ಅಡ್ಡ ಕಂಬಿಗಳು. ಮೆತ್ತನೆಯ ವಿದ್ಯುತ್ ತಂತಿ ಬಿಚ್ಚಿದರೆ ಸುಮಾರು 0.2 ಮಿ.ಮೀ. ದಪ್ಪದ ತಾಮ್ರದ ಎಳೆಗಳು ಸಿಗುತ್ತವೆ. ಎಳೆದು ನೇರ ಮಾಡಿ, ಒಳಗಿನಿಂದ ಒಂದೊಂದು ಕಿಟಕಿಗೂ ಸಮಾನ ಅಂತರದಲ್ಲಿ ಅಂಟಿಸಿ. ಬೇಜಾರಿನ ಕೆಲಸ ನಿಜ, ಆದರೆ ಸ್ಲೀಪರ್ ಬೋಗಿಗೆ ಇದಿಲ್ಲದೆ ಜೀವ ಬರುವುದಿಲ್ಲ.

ಹಗುರ ಬೋಗಿ ತಿರುವಿನಲ್ಲಿ ಹಳಿ ತಪ್ಪುತ್ತದೆ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಶಿಫಾರಸಿನ ಲೆಕ್ಕದಲ್ಲಿ 24.5 ಸೆಂ.ಮೀ. ಬೋಗಿಗೆ ಸುಮಾರು 165 ಗ್ರಾಂ ಬೇಕು. ಕಡಿಮೆಯಿದ್ದರೆ ಕಬ್ಬಿಣದ ವಾಷರ್‌ಗಳನ್ನು ತಳದ ನಡುವೆ ಅಂಟಿಸಿ.

ಹಂತ 6: ಪ್ರೈಮರ್, ತಿಳಿ ಬಣ್ಣ, ಗಾಢ ಬಣ್ಣ

ಮನೆಯ ಟೆರೇಸೇ ನಿಮ್ಮ ಪೇಂಟ್ ಶಾಪ್. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಇಟ್ಟು, ಅದರೊಳಗೆ ಬೋಗಿ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು 20–25 ಸೆಂ.ಮೀ. ದೂರದಿಂದ ಸ್ಪ್ರೇ ಮಾಡಿ. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಗಾಲದ ತೇವದಲ್ಲಿ ಲ್ಯಾಕರ್ ಸ್ಪ್ರೇ ಹೊಡೆದರೆ ಮೇಲ್ಮೈ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ. ಬೂದು ಪ್ರೈಮರ್ ತೆಳುವಾಗಿ ಎರಡು ಸಲ. ಒಣಗಿದ ಮೇಲೆ ಓರೆ ಬೆಳಕಿನಲ್ಲಿ ನೋಡಿ, ಧೂಳಿನ ಗುಳ್ಳೆಗಳನ್ನು 1200ರ ವಾಟರ್ ಪೇಪರಿನಿಂದ ಸವರಿ.

ನೀಲಿ ಬೋಗಿಗೆ ಮೊದಲು ತಿಳಿನೀಲಿ ಇಡೀ ಮೈಗೆ. ಪೂರ್ತಿ ಒಂದು ದಿನ ಬಿಡಿ. ಆಮೇಲೆ ಕಿಟಕಿ ಸಾಲಿನ ಗಾಢ ಪಟ್ಟಿಗೆ ಜಾಗ ಬಿಟ್ಟು, ಮಿಕ್ಕದ್ದನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಟೇಪನ್ನು ಗಾಜಿನ ಮೇಲೆ ಅಂಟಿಸಿ ಬ್ಲೇಡಿನಿಂದ ಹೊಸ ಅಂಚು ಕತ್ತರಿಸಿಕೊಳ್ಳಿ. ಸುರುಳಿಯ ಅಂಚಿಗೆ ಧೂಳು ಹತ್ತಿರುತ್ತದೆ. ಇನ್ನೊಂದು ಗುಟ್ಟು: ಟೇಪಿನ ಅಂಚಿಗೆ ಮತ್ತೊಮ್ಮೆ ತಿಳಿನೀಲಿಯನ್ನೇ ಹಚ್ಚಿ. ಸಂದಿಗೆ ನುಗ್ಗುವುದಿದ್ದರೆ ಅದೇ ಬಣ್ಣ ನುಗ್ಗಿ ಮುಚ್ಚಿಕೊಳ್ಳುತ್ತದೆ, ಮೇಲೆ ಹೊಡೆದ ಗಾಢ ನೀಲಿಯ ಗೆರೆ ಸೀಳಿದಂತೆ ಬರುತ್ತದೆ.

2008ರಲ್ಲಿ ಓಡಾಟ ಶುರುಮಾಡಿದ ಗೋಲ್ಡನ್ ಚಾರಿಯಟ್‌ನ ನೇರಳೆ–ಚಿನ್ನದ ಬಣ್ಣ, ಕದಂಬ, ಹೊಯ್ಸಳ ಎಂದು ರಾಜವಂಶಗಳ ಹೆಸರು ಹೊತ್ತ ಬೋಗಿಗಳು ಎಲ್ಲರನ್ನೂ ಸೆಳೆಯುತ್ತವೆ. ಆದರೆ ಚಿನ್ನದ ಗೆರೆ ಎಳೆಯುವುದಕ್ಕೆ ಕೈ ಪಳಗಿರಬೇಕು. ಅದು ನಾಲ್ಕನೆಯದೋ ಐದನೆಯದೋ ಬೋಗಿಗಿರಲಿ.

ಹಂತ 7: ಅಕ್ಷರ

ಹೊಳಪಿನ (ಗ್ಲಾಸಿ) ವಾರ್ನಿಷ್ ಹೊಡೆದ ನುಣುಪು ಮೈಗೆ ಮಾತ್ರ ಡೆಕಾಲ್, ಅಂದರೆ ಮುದ್ರಿಸಿ ಅಂಟಿಸುವ ಅಕ್ಷರ, ಸರಿಯಾಗಿ ಕೂರುತ್ತದೆ. ವಾಟರ್‌ಸ್ಲೈಡ್ ಕಾಗದದ ಮೇಲೆ ಲೇಸರ್ ಪ್ರಿಂಟ್ ಹಾಕಿಸಿ. ಲೇಸರ್ ಯಂತ್ರ ಬಿಳಿ ಬಣ್ಣ ಮುದ್ರಿಸುವುದಿಲ್ಲ, ಆದ್ದರಿಂದ ತಿಳಿ ಅಕ್ಷರ ಬೇಕಿದ್ದರೆ ಬಿಳಿ ತಳದ ಕಾಗದ ಕೊಂಡು ಸುತ್ತ ಬೋಗಿಯ ಬಣ್ಣವನ್ನೇ ಮುದ್ರಿಸಿ. ಐದಂಕಿಯ ಬೋಗಿ ಸಂಖ್ಯೆಯಲ್ಲಿ ಮೊದಲೆರಡು ಅಂಕಿ ತಯಾರಾದ ವರ್ಷ. ನೀವು ಆರಿಸಿದ ವರ್ಷಕ್ಕಿಂತ ಹೊಸದಾಗಿರಬಾರದು. ವಲಯದ ಹೆಸರೂ ಹಾಗೆಯೇ: ಹುಬ್ಬಳ್ಳಿಯ ನೈಋತ್ಯ ರೈಲ್ವೆ ಹುಟ್ಟಿದ್ದು 2003ರ ಏಪ್ರಿಲ್ 1ರಂದು, ಅದಕ್ಕಿಂತ ಹಿಂದಿನ ಬೋಗಿಯಲ್ಲಿ ಅದು ಬರಕೂಡದು.

ಊರಿನ ಫಲಕದ ಕನ್ನಡಕ್ಕೆ ಹೆಚ್ಚು ಕಾಳಜಿ ಬೇಕು. ಒಂದು ಮಿಲಿಮೀಟರ್ ಎತ್ತರದಲ್ಲಿ "ಮೈಸೂರು" ಓದಲು ಬಂದೀತು, "ಹುಬ್ಬಳ್ಳಿ"ಯ ಒತ್ತುಗಳು ಮಾತ್ರ ಕಪ್ಪು ಚುಕ್ಕೆಯಾಗುತ್ತವೆ. ದಪ್ಪ ಫಾಂಟ್ ಬಿಟ್ಟು ತೆಳು ಗೆರೆಯದನ್ನು ಆರಿಸಿ, 1200 ಡಿಪಿಐನಲ್ಲಿ ಮುದ್ರಿಸಿ, ಫಲಕವನ್ನು ಚೂರು ದೊಡ್ಡದಾಗಿಯೇ ಮಾಡಿ. ಅಳತೆ ತಪ್ಪಿದರೂ ಪರವಾಗಿಲ್ಲ, ಊರಿನ ಹೆಸರು ಓದಲು ಬರಬೇಕು.

ಹಂತ 8: ಮುಗಿಸುವುದು

ಡೆಕಾಲ್ ಒಣಗಿದ ಮೇಲೆ ಮ್ಯಾಟ್ ವಾರ್ನಿಷ್. ನೀರಾದ ಕಂದು ಅಕ್ರಿಲಿಕ್ಕನ್ನು ಬೋಗಿಯ ಕೆಳ ಅಂಚಿಗೆ, ಚಕ್ರದ ಸುತ್ತ ಹಚ್ಚಿ ಬಟ್ಟೆಯಿಂದ ಒರೆಸಿದರೆ ದೂರದ ಓಡಾಟದ ಕೊಳೆ ಬರುತ್ತದೆ. ಗಾಜು ಕೂರಿಸಿ, ಮೈ ಮುಚ್ಚಿ, ಹಳಿಯ ಅತಿ ಚಿಕ್ಕ ತಿರುವಿನಲ್ಲಿ ಎರಡೂ ದಿಕ್ಕಿಗೆ ಕೈಯಿಂದ ತಳ್ಳಿ ನೋಡಿ. ಉಳಿದ ಬಣ್ಣವನ್ನು ಗಾಳಿಯಾಡದ ಶೀಶೆಗೆ ತುಂಬಿ, ಬೆರಕೆಯ ಪ್ರಮಾಣವನ್ನು ಅದರ ಮೇಲೇ ಬರೆದಿಡಿ. ಅದೇ ಗಾಡಿಯ ಮುಂದಿನ ಬೋಗಿಗೆ ಅದೇ ನೀಲಿ ಬೇಕಾಗುತ್ತದೆ.