ಒಬ್ಬ ನೌಕರ, ಮೂರು ದಾಖಲೆ, ಒಂದೇ ಸಾಲು

ಲ್ಯಾಬ್‌ನಲ್ಲಿ ಸರ್ 'ಗ್ರೂಪ್ ಬೈ' ಪಾಠ ಮಾಡಿದ ವಾರವೇ ಶಿರಗುಪ್ಪಿಯ ನಮ್ಮ ಮನೆಯಲ್ಲಿ ಅಬ್ಬಾ ಹಳೆಯ ಫೈಲೊಂದನ್ನು ನನ್ನ ಮುಂದಿಟ್ಟರು. "ಬೇಟಾ, ನನಗೆ ಪಿಂಚಣಿ ಸಿಗುತ್ತದೋ ಇಲ್ಲವೋ ನೋಡು" ಎಂದು ಉರ್ದುವಿನಲ್ಲಿ ಕೇಳಿದರು.

ಅವರು ಹುಬ್ಬಳ್ಳಿಯ ಮೂರು ಕಾರ್ಖಾನೆಗಳಲ್ಲಿ ದುಡಿದವರು. ಒಂದೊಂದು ಕಡೆಯೂ ಬೇರೆ ಪಿ.ಎಫ್. ಖಾತೆ.

1. ಜೂನ್ 2012ರಿಂದ ಜುಲೈ 2016: 50 ತಿಂಗಳು
2. ಅಕ್ಟೋಬರ್ 2016ರಿಂದ ಫೆಬ್ರವರಿ 2020: 41 ತಿಂಗಳು
3. ಜನವರಿ 2021ರಿಂದ ಜನವರಿ 2024: 37 ತಿಂಗಳು

ನೌಕರರ ಪಿಂಚಣಿ ಯೋಜನೆಯಲ್ಲಿ 58ನೇ ವಯಸ್ಸಿಗೆ ತಿಂಗಳ ಪಿಂಚಣಿ ಬರಬೇಕಾದರೆ 10 ವರ್ಷ, ಅಂದರೆ 120 ತಿಂಗಳ ಸೇವೆ ಬೇಕು. ಬಿಡಿಬಿಡಿಯಾಗಿ ನೋಡಿದರೆ ಯಾವ ಖಾತೆಯೂ ಸಾಲದು. ಮೂರನ್ನೂ ಒಂದೇ ಸಾಲಿಗೆ ತಂದರೆ 128 ತಿಂಗಳು!

ಹಾಗೆ ಕೂಡಿಸುವಾಗ ಎರಡು ತಪ್ಪು ಮಾಡಬಾರದು.

ಮೊದಲನೆಯದು, ಹೆಸರಿನ ಮೇಲೆ ಗುಂಪು ಮಾಡುವುದು. ಅಬ್ಬಾರ ಹೆಸರು ಒಂದು ಕಡೆ 'ಮೊಹಮ್ಮದ್' ಎಂದು, ಇನ್ನೊಂದು ಕಡೆ 'ಎಂ.ಡಿ.' ಎಂದು ಶುರುವಾಗುತ್ತದೆ; ಮೂರನೆಯದರಲ್ಲಿ ಆ ಪದವೇ ಇಲ್ಲ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಜನ. ಆದ್ದರಿಂದ ಬದಲಾಗದ ಒಂದು ಸಂಖ್ಯೆ ಬೇಕು. 2014ರಲ್ಲಿ ಭವಿಷ್ಯ ನಿಧಿ ಸಂಘಟನೆ ತಂದ 12 ಅಂಕಿಗಳ ಯು.ಎ.ಎನ್. ಅದೇ ಕೆಲಸ ಮಾಡುತ್ತದೆ: ಮಾಲೀಕರು ಎಷ್ಟೇ ಬದಲಾದರೂ ನೌಕರನಿಗೆ ಒಂದೇ ಸಂಖ್ಯೆ.

ಎರಡನೆಯದು, ಮೊದಲು ಸೇರಿದ ದಿನ ಮತ್ತು ಕೊನೆಗೆ ಬಿಟ್ಟ ದಿನ ಮಾತ್ರ ಹಿಡಿಯುವುದು. ಹಾಗೆ ಮಾಡಿದರೆ 140 ತಿಂಗಳು ಬರುತ್ತದೆ. ಆದರೆ ನಡುವೆ 12 ತಿಂಗಳು ಕೆಲಸವೇ ಇರಲಿಲ್ಲ. ಅದರಲ್ಲಿ 10 ತಿಂಗಳು 2020ರವು. ಆದ್ದರಿಂದ ಪ್ರತಿ ದಾಖಲೆಯ ತಿಂಗಳುಗಳನ್ನು ಮೊದಲು ಎಣಿಸಿ, ಆಮೇಲೆ 'ಸಮ್' ಮಾಡಬೇಕು. ಎಕ್ಸೆಲ್‌ನಲ್ಲಾದರೆ ಪಿವೋಟ್ ಟೇಬಲ್ ಸಾಕು.

ಒಂದು ಮಾತು ನೆನಪಿರಲಿ: ನಮ್ಮ ಹಾಳೆಯಲ್ಲಿ ಕೂಡಿಸಿದರೆ ಕಚೇರಿಯ ದಾಖಲೆ ಕೂಡುವುದಿಲ್ಲ. ಹೆಸರು ಆಧಾರ್‌ಗೆ ಹೊಂದಬೇಕು, ಹಳೆಯ ಖಾತೆಗಳ ವರ್ಗಾವಣೆಗೆ ಅರ್ಜಿ ಹಾಕಬೇಕು. ಕೆಲಸ ಬಿಟ್ಟಾಗಲೆಲ್ಲ ಪಿಂಚಣಿಯ ಭಾಗವನ್ನೂ ತೆಗೆದುಕೊಂಡುಬಿಟ್ಟರೆ ಆ ವರ್ಷಗಳ ಸೇವೆ ಮತ್ತೆ ಸಿಗುವುದಿಲ್ಲ. ಅಬ್ಬಾ ತೆಗೆದಿರಲಿಲ್ಲ. ಪುಣ್ಯ!

ಹೆಸರು ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೇವೆ. ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥ ಫೈಲ್ ಇದ್ದರೆ ಈ ಭಾನುವಾರವೇ ತೆರೆದು ನೋಡಿ. ನಾವು ಕಲಿತ ಪಾಠ ಮೊದಲು ಮನೆಯವರಿಗೆ ಉಪಯೋಗವಾಗಲಿ.